ಗುಹಾಸುರನ ಎಲ್ಲೆ, ಸೂಳೆಕೆರೆಯ ಹಳ್ಳ

ಗುಹಾಸುರನ ರಾಜ್ಯಕ್ಕೆ ಎಲ್ಲೆಗುರುತು ಇದೆ. ಮೂಡಲಿಗೆ ಉಚ್ಚಂಗಿದುರ್ಗ, ತೆಂಕಲಿಗೆ ಗೋವಿನಹಾಳು, ಪಡುವಲಿಗೆ ಮುದನೂರು, ಬಡಗಲಿಗೆ ಐರಣಿ. ಹರಿಹರದ ಸ್ಥಳಪುರಾಣ ರಾಕ್ಷಸನ ಸೀಮೆಯನ್ನು ಹೀಗೆ ದಿಕ್ಕಿಗೊಂದು ಊರು ಇಟ್ಟು ಹೇಳುತ್ತದೆ. ಉಚ್ಚಂಗಿದುರ್ಗ ಈಗ ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನಲ್ಲಿದೆ, ಐರಣಿ ತುಂಗಭದ್ರೆಯ ಆಚೆ ದಡದ ರಾಣೆಬೆನ್ನೂರು ತಾಲ್ಲೂಕಿನಲ್ಲಿದೆ. ಹರಿಹರಕ್ಕೂ ಉಚ್ಚಂಗಿದುರ್ಗಕ್ಕೂ ನಡುವಿನ ಸೀಮೆಯಲ್ಲಿ ಕೊಂಡಜ್ಜಿ ಇದೆ. ಪುರಾಣದ ಲೆಕ್ಕ ಹಿಡಿದರೆ ಕೊಂಡಜ್ಜಿಯ ಜನರೆಲ್ಲ ಒಂದು ಕಾಲಕ್ಕೆ ಗುಹಾಸುರನ ಪ್ರಜೆಗಳು.

ಹರಿಹರ ತಾಲ್ಲೂಕಿನ ಈ ಊರನ್ನು ದಾವಣಗೆರೆ ಕಡೆಯವರು ಗುರುತು ಹಿಡಿಯುವುದು ಕೆರೆಯಿಂದ, ಪಕ್ಕದ ಕುರುಚಲು ಗುಡ್ಡದಿಂದ, ಸ್ಕೌಟ್ಸ್ ಶಿಬಿರದಿಂದ. ಸ್ವಾತಂತ್ರ್ಯ ಹೋರಾಟಗಾರರೂ ಸಂಸದರೂ ಸ್ಕೌಟ್ಸ್ ಮತ್ತು ಗೈಡ್ಸ್ ಚಳವಳಿಯ ಮುಂದಾಳೂ ಆಗಿದ್ದ ಕೊಂಡಜ್ಜಿ ಬಸಪ್ಪನವರಿಂದಾಗಿ ಊರಿನ ಹೆಸರು ಬೆಂಗಳೂರಿನ ಅರಮನೆ ರಸ್ತೆಯವರೆಗೂ ಹೋಗಿ ಅಲ್ಲೊಂದು ಸಭಾಂಗಣದ ಮೇಲೆ ಕೂತಿದೆ. ಕೊಂಡ ಅಂದರೆ ಗುಡ್ಡ. ಅಜ್ಜಿ ಯಾರೆಂದು ಗೊತ್ತಿಲ್ಲದಿದ್ದರೂ ಹೆಸರು ಕಿವಿಗೆ ಮನೆಯದೇ ಅನ್ನಿಸುತ್ತದೆ. ಸುತ್ತಲಿನ ಹೆಸರುಗಳೂ ಹೀಗೆಯೇ: ಆನೆಕೊಂಡ, ಆಣಜಿ, ಬೇತೂರು, ದಾವಣಗೆರೆ. ಇಂಥ ಹೆಸರುಗಳ ನಡುವೆ ಹರಿಹರ, ಹರಿದ್ರಾ, ಗುಹಾರಣ್ಯ ಎಂಬ ಸಂಸ್ಕೃತದ ಹೆಸರುಗಳು ಬಂದು ಕೂತದ್ದು ಹೇಗೆ ಎಂಬುದು ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಅಯೋಧ್ಯೆ, ಹಸ್ತಿನಾಪುರದವರೆಗೆ ಹೋಗಬೇಕಿಲ್ಲ. ಹೊಳೆಯ ದಡದಲ್ಲೇ ಅದು ಸಿಗುತ್ತದೆ.

ಕಥೆ ಬಹಳ ಜನಕ್ಕೆ ಗೊತ್ತಿರುವುದೇ. ಗುಹಾಸುರ ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದ: ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು. ವರ ಸಿಕ್ಕಿದ ಮೇಲೆ ರಾಕ್ಷಸರು ಮಾಡುವುದನ್ನೆಲ್ಲ ಮಾಡಿದ. ದೇವತೆಗಳು ಮೊರೆಯಿಟ್ಟರು. ಹರಿಯೂ ಹರನೂ ಒಂದೇ ಮೈಯಾಗಿ, ಬಲಕ್ಕೆ ಶಿವ ಎಡಕ್ಕೆ ವಿಷ್ಣುವಾಗಿ, ಹರಿದ್ರಾ ನದಿ ತುಂಗಭದ್ರೆಗೆ ಸೇರುವ ಕೂಡಲೂರಿನಲ್ಲಿ ಇಳಿದು ಅವನನ್ನು ಕೊಂದರು. ಹಿರಣ್ಯಕಶಿಪುವಿನ ಕಥೆಯಲ್ಲಿ ನರಸಿಂಹ ಕಂಡುಕೊಂಡಂಥ ಸಂದು ಇದು: ವರದ ಮಾತೂ ಮುರಿಯಲಿಲ್ಲ, ಕೆಲಸವೂ ಆಯಿತು. ಸಾಯುವಾಗ ರಾಕ್ಷಸ ಒಂದು ಬೇಡಿಕೆ ಇಟ್ಟ. ಈ ಜಾಗಕ್ಕೆ ನನ್ನ ಹೆಸರು ನಿಲ್ಲಲಿ ಎಂದ. ಹಾಗಾಗಿ ಇದು ಗುಹಾರಣ್ಯ ಕ್ಷೇತ್ರ.

ರಾಕ್ಷಸನ ಹೆಸರು ಸಂಸ್ಕೃತ, ಅವನನ್ನು ಕೊಂದ ದೇವರ ಹೆಸರು ಸಂಸ್ಕೃತ, ಕಾಡಿನ ಹೆಸರೂ ಸಂಸ್ಕೃತ. ಅವನ ರಾಜ್ಯದ ಎಲ್ಲೆ ಹೇಳುವ ಹೊತ್ತಿಗೆ ಮಾತ್ರ ಕಥೆಗಾರ ಕನ್ನಡಕ್ಕೆ ಇಳಿದುಬಿಟ್ಟಿದ್ದಾನೆ. ಗೋವಿನಹಾಳು, ಮುದನೂರು, ಐರಣಿ ಎಂಬ ಹೆಸರುಗಳನ್ನು ಯಾವ ಶ್ಲೋಕವೂ ಹುಟ್ಟಿಸಿದ್ದಲ್ಲ. ನನಗೆ ಇದು ದತ್ತಿ ಶಾಸನದ ರೂಢಿ ಅನ್ನಿಸುತ್ತದೆ. ನಮ್ಮ ಶಾಸನಗಳಲ್ಲಿ ರಾಜನ ಹೊಗಳಿಕೆ ಸಂಸ್ಕೃತ ವೃತ್ತಗಳಲ್ಲಿ ಎಷ್ಟು ಬೇಕಾದರೂ ಹಾರಾಡಲಿ, ದಾನಕೊಟ್ಟ ಭೂಮಿಯ ಚತುಸ್ಸೀಮೆ ಬಂದೊಡನೆ ಭಾಷೆ ನೆಲಕ್ಕೆ ಇಳಿಯುತ್ತದೆ. ಮೂಡಲು ಇಂಥ ಕಲ್ಲು, ತೆಂಕಲು ಇಂಥ ಹಳ್ಳ, ಪಡುವಲು ಇಂಥ ಮರ. ಎಲ್ಲೆ ತಪ್ಪಿದರೆ ಜಗಳವಾಗುತ್ತದಲ್ಲ, ಅದಕ್ಕೆ. ಗುಹಾಸುರನ ಸೀಮೆ ಬರೆದವನ ಕೈ ಇಂಥ ಎಲ್ಲೆಗಳನ್ನು ಬರೆದು ಪಳಗಿದ ಕೈಯೇ ಇರಬೇಕು. ರಾಕ್ಷಸನಿಗೂ ಅವನು ಪಹಣಿ ಮಾಡಿಕೊಟ್ಟಿದ್ದಾನೆ.

ಆ ನಾಲ್ಕರಲ್ಲಿ ಉಚ್ಚಂಗಿ ಸ್ವಲ್ಪ ತಕರಾರಿನ ಹೆಸರು. ಆದಿ ಕದಂಬರ ಸಂಸ್ಕೃತ ತಾಮ್ರಪಟದಲ್ಲಿ ಅದು ಉಚ್ಚಶೃಂಗಿ, ಎತ್ತರದ ಶಿಖರ. ಉಚ್ಚಶೃಂಗಿಯೇ ಸವೆದು ಉಚ್ಚಂಗಿಯಾಯಿತೋ, ಉಚ್ಚಂಗಿಗೆ ತಾಮ್ರಪಟದವರು ಶೃಂಗ ಇಟ್ಟರೋ ಎಂದರೆ ಎರಡು ಕಡೆಗೂ ವಾದ ಹೂಡಬಹುದು. ಬೆಟ್ಟ ಹತ್ತಿ ಉಚ್ಚಂಗಮ್ಮನಿಗೆ ಹರಕೆ ತೀರಿಸುವವರಿಗೆ ಈ ವಾದದಿಂದ ಏನೂ ಆಗಬೇಕಿಲ್ಲ.

ಕೂಡಲೂರಿಗೆ ಬರೋಣ. ಹರಿಹರದ ಹಳೆಯ ಹೆಸರು ಇದು. ಕೂಡಲು ಎಂದರೆ ಹೊಳೆಗಳು ಕೂಡುವ ಜಾಗ. ತುಂಗೆ ಮತ್ತು ಭದ್ರೆ ಸೇರುವ ಕಡೆ ಕೂಡ್ಲಿ, ಕೃಷ್ಣೆ ಮತ್ತು ಮಲಪ್ರಭೆ ಸೇರುವ ಕಡೆ ಕೂಡಲಸಂಗಮ, ಹರಿದ್ರೆ ತುಂಗಭದ್ರೆಗೆ ಬೀಳುವ ಕಡೆ ಕೂಡಲೂರು. ಕನ್ನಡಿಗರು ನದಿ ಸೇರುವ ಕಡೆಯೆಲ್ಲ ಇಟ್ಟ ಸಾಮಾನ್ಯ ಹೆಸರು. ಕೂಡಲಸಂಗಮದಲ್ಲಿ ಕೂಡಲಿಗೆ ಸಂಸ್ಕೃತದ ಸಂಗಮವೂ ಅಂಟಿಕೊಂಡು ಅರ್ಥ ಎರಡು ಸಲ ಬಂದಿದೆ. ಯಾರಿಗೂ ಅದು ಹೊರೆ ಅನ್ನಿಸಿಲ್ಲ.

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಳಲ್ವ ಇಲ್ಲಿ ಹರಿಹರೇಶ್ವರ ದೇವಾಲಯ ಕಟ್ಟಿಸಿದ್ದು 1223-24ರ ಹೊತ್ತಿಗೆ. ಅವನ ಹೆಸರು ಅಚ್ಚಗನ್ನಡದ್ದು. ಪೊೞಲ್ ಎಂದರೆ ಹಳಗನ್ನಡದಲ್ಲಿ ಪಟ್ಟಣ. 1268ರಲ್ಲಿ ಸೋಮ ದಂಡನಾಯಕ ಇದಕ್ಕೆ ಇನ್ನಷ್ಟು ಕಟ್ಟಡ ಸೇರಿಸಿದ. ಮೈಸೂರು ಸೀಮೆಯ ಸೋಮನಾಥಪುರ ಇವನದೇ ಸ್ಥಾಪನೆ, ಇವನ ಹೆಸರಿನದೇ ಊರು. ಗುಡಿ ದೊಡ್ಡದಾಗುತ್ತಾ ಹೋದಂತೆ ಊರಿನ ಹೆಸರು ಗುಡಿಯ ಹೆಸರಿನೊಳಗೆ ಸೇರಿಹೋಯಿತು. ಪುಲಿಗೆರೆ ಲಕ್ಷ್ಮೇಶ್ವರವಾದದ್ದೂ ಹೀಗೆಯೇ. ಹರಿಹರ ಎಂಬ ದೇವರ ಕಲ್ಪನೆಯಾದರೂ ಈ ಗುಡಿಗಿಂತ ಹಳೆಯದು. ಬಾದಾಮಿಯ ಮೊದಲನೆಯ ಗುಹೆಯಲ್ಲಿ, 6ನೇ ಶತಮಾನದ ಕೆತ್ತನೆಯಲ್ಲಿ, ಅವನು ಆಗಲೇ ನಿಂತಿದ್ದಾನೆ. ಹಾಗಿದ್ದ ಮೇಲೆ ಅವನು ಇಲ್ಲೇ ಏಕೆ ನೆಲೆಸಿದ? ಹೊಳೆಗಳು ಕೂಡುವ ಊರಿಗೆ ಕೂಡಿದ ದೇವರು ಹೊಂದುತ್ತಾನೆ ಎಂದು ಯಾರಿಗೋ ತೋಚಿರಬೇಕು. ಇದು ನನ್ನ ಊಹೆ, ಶಾಸನದ ಮಾತಲ್ಲ. ಊಹೆ ಸರಿಯಾಗಿದ್ದರೆ ಹರಿಹರ ಎಂಬ ಸಂಸ್ಕೃತದ ಹೆಸರಿನ ಒಳಗೆ ಕೂಡಲೂರು ಇನ್ನೂ ಉಸಿರಾಡುತ್ತಿದೆ.

ಊರಿನ ಹೆಸರಿಗೆ ಕಥೆ ಕಟ್ಟುವ ಈ ಚಾಳಿ ನಮ್ಮ ಸ್ಥಳಪುರಾಣಗಳು ಹೊಸದಾಗಿ ಕಲಿತದ್ದಲ್ಲ, ಮಹಾಕಾವ್ಯಗಳಲ್ಲೇ ಇದೆ. ವಾಲ್ಮೀಕಿ ರಾಮಾಯಣದ ಬಾಲಕಾಂಡ ತೆಗೆದು ನೋಡಿ. ವಿಶ್ವಾಮಿತ್ರ ಹುಡುಗರಿಬ್ಬರನ್ನು ಕರೆದುಕೊಂಡು ನಡೆಯುತ್ತಾ, ಶಾಲಾ ಪ್ರವಾಸದ ಮೇಷ್ಟ್ರಂತೆ, ದಾರಿಯುದ್ದಕ್ಕೂ ಊರಿನ ಕಥೆ ಹೇಳುತ್ತಾನೆ. ಕುಶನಾಭನ ನೂರು ಹೆಣ್ಣುಮಕ್ಕಳ ಬೆನ್ನನ್ನು ವಾಯು ಬಗ್ಗಿಸಿದ್ದರಿಂದ ಕನ್ಯಾಕುಬ್ಜ, ವಿಶಾಲನೆಂಬ ರಾಜ ಕಟ್ಟಿದ್ದರಿಂದ ವಿಶಾಲಾ. ಶಿವನ ಕೋಪಕ್ಕೆ ಗುರಿಯಾದ ಮನ್ಮಥ ಅಂಗ ಕಳೆದುಕೊಂಡ ಕಡೆ ಅಂಗದೇಶ. ಮಹಾಭಾರತ ಕೇಳಿದರೆ ಅಂಗಕ್ಕೆ ಬೇರೆಯೇ ಉತ್ತರ: ಬಲಿ ಎಂಬ ರಾಜನ ಹೆಂಡತಿಯಲ್ಲಿ ದೀರ್ಘತಮಸ್ಸೆಂಬ ಋಷಿಗೆ ಹುಟ್ಟಿದ ಮಕ್ಕಳು ಅಂಗ, ವಂಗ, ಕಳಿಂಗ, ಪುಂಡ್ರ, ಸುಹ್ಮ, ಅವರವರ ನೆಲಕ್ಕೆ ಅವರವರ ಹೆಸರು. ಒಂದೇ ನಾಡು, ಎರಡು ಮಹಾಕಾವ್ಯ, ಎರಡು ಕಾರಣ. ನಾಡಿನ ಹೆಸರು ಮೊದಲೇ ಇತ್ತು, ಕಾರಣವನ್ನು ಆಮೇಲೆ ಹುಡುಕಿದರು ಅನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾಡುಗಳಿಗೆ ಕೇಡಿಗರ ಹೆಸರು ಬರುವುದೂ ಹಳೆಯ ರೂಢಿ. ದಂಡಕಾರಣ್ಯ ದಂಡನೆಂಬ ರಾಜನದು. ಅವನು ಗುರು ಶುಕ್ರಾಚಾರ್ಯರ ಮಗಳು ಅರಜೆಯ ಮೇಲೆ ಕೈಮಾಡಿದ, ಶಾಪಕ್ಕೆ ರಾಜ್ಯವೆಲ್ಲ ಬೂದಿಯಾಗಿ ಕಾಡಾಯಿತು ಎಂದು ಉತ್ತರಕಾಂಡ ಹೇಳುತ್ತದೆ. ಗುಹಾರಣ್ಯ ಅದೇ ಅಚ್ಚಿನದು. ಸಾಯುವಾಗ ಹೆಸರು ಬೇಡಿದ ರಾಕ್ಷಸರ ದೊಡ್ಡ ಸಾಲೇ ಇದೆ. ಬಿಹಾರದ ಗಯೆ ಗಯಾಸುರನ ಮೈಮೇಲೆ ನಿಂತಿದೆ. ಕೊಲ್ಲೂರಿನ ದೇವಿ ಮೂಕಾಸುರನನ್ನು ಕೊಂದು ಮೂಕಾಂಬಿಕೆಯಾದಳು. ಮೈಸೂರಿಗೆ ಮಹಿಷಾಸುರ. ಗುಡಿ ದೇವರಿಗೆ, ಊರು ರಾಕ್ಷಸನಿಗೆ: ಒಪ್ಪಂದ ಸಾಮಾನ್ಯವಾಗಿ ಹೀಗಿರುತ್ತದೆ. ಹರಿಹರದಲ್ಲಿ ಗುಹಾಸುರನಿಗೆ ಕೊಟ್ಟ ಮಾತು ಪೂರ್ತಿ ನಡೆಯಲಿಲ್ಲ. ಊರೂ ದೇವರ ಪಾಲಾಯಿತು. ಪೂಜೆಯ ಸಂಕಲ್ಪದಲ್ಲಿ ಗುಹಾರಣ್ಯ ಕ್ಷೇತ್ರ ಎಂಬಷ್ಟು ಅವನಿಗೆ ಉಳಿದಿದೆ.

ಕಥೆಗಿಂತ ಮೊದಲು ಹೆಸರಿನ ರೂಪ ಬದಲಾಗಬೇಕಲ್ಲ, ಆ ಕೆಲಸ ನಡೆದ ಬಗೆ ಕರ್ನಾಟಕದಲ್ಲಿ ಚೆನ್ನಾಗಿ ಕಾಣುತ್ತದೆ. ಸುಲಭದ್ದು ಅರ್ಥ ನೋಡಿ ಸಂಸ್ಕೃತ ಮಾಡುವುದು. ನಂಜನಗೂಡಿನ ನಂಜು ಗರಳವಾಗಿ ಗರಳಪುರಿ. ಬಿಳಿಗಿರಿ ಶ್ವೇತಾದ್ರಿ. ಬೆಳ್ಗೊಳ ಧವಳ ಸರೋವರ. ಇನ್ನೊಂದು ಬಗೆಯಲ್ಲಿ ಅರ್ಥವನ್ನು ಬಿಟ್ಟು ಕಿವಿಯನ್ನು ನಂಬುತ್ತಾರೆ. ಇವೆರಡರ ವ್ಯತ್ಯಾಸ ಬೇಕಾದರೆ ಬಿದಿರನ್ನು ನೋಡಿ. ಬೆಳಗಾವಿ ಶಾಸನಗಳಲ್ಲಿ ವೇಣುಗ್ರಾಮ, ಬಿದಿರಿನ ಊರು. ಅಲ್ಲಿ ಪಂಡಿತ ಅರ್ಥ ಹಿಡಿದ. ಬೀದರಿನಲ್ಲೂ ಬಿದಿರೇ ಇದೆ ಅನ್ನುತ್ತಾರೆ. ಅಲ್ಲಿ ಮಾತ್ರ ಕಿವಿ ಹಿಡಿದವರು ವಿದುರನನ್ನು ಕರೆತಂದರು, ಇನ್ನು ಕೆಲವರು ವಿದರ್ಭವನ್ನೇ ತಂದು ನಳ ದಮಯಂತಿಯರನ್ನೂ ಕೂರಿಸಿದರು. ಅರ್ಥ ಹಿಡಿದ ಕಡೆ ಸಿಕ್ಕಿದ್ದು ಒಂದು ಹೆಸರಷ್ಟೇ; ಸದ್ದು ಹಿಡಿದ ಕಡೆ ಒಂದು ಮಹಾಭಾರತವೇ ಸಿಕ್ಕಿತು. ಊರವರಿಗೆ ಯಾವುದು ಇಷ್ಟವಾಗುತ್ತದೆಂದು ಹೇಳಬೇಕಾಗಿಲ್ಲ.

ಕೋಲಾರದ ಕಥೆ ಇನ್ನೂ ಸೊಗಸು. ಗಂಗರು ತಮ್ಮನ್ನು ಕುವಳಾಲಪುರದ ಒಡೆಯರೆಂದು ಕರೆದುಕೊಂಡರು. ಕುವಳಾಲ ಎಂದರೇನೆಂದು ಮರೆತ ಮೇಲೆ ಅದು ಕೋಲಾಹಲವಾಯಿತು. ಕೋಲಾಹಲ ಎಂದಮೇಲೆ ಯಾರೋ ಹೊಡೆದಾಡಿರಲೇಬೇಕು. ಪರಶುರಾಮನೂ ಕಾರ್ತವೀರ್ಯಾರ್ಜುನನೂ ಬಂದರು, ಅವರ ಕಾಳಗದ ಗದ್ದಲವೇ ಊರಿನ ಹೆಸರೆಂದಾಯಿತು. ಐಹೊಳೆಯಲ್ಲೂ ಪರಶುರಾಮನೇ. ಶಾಸನಗಳು ಅದನ್ನು ಅಯ್ಯಾವೊಳೆ ಎನ್ನುತ್ತವೆ. ಅಯ್ಯ ಎಂಬುದಕ್ಕೆ ಆರ್ಯ ಎಂದಿಟ್ಟು ಆರ್ಯಪುರವೂ ಆಯಿತು. ಜನಕ್ಕೆ ಅದು ಸಾಲಲಿಲ್ಲ. ಪರಶುರಾಮ ಹೊಳೆಯಲ್ಲಿ ಕೊಡಲಿ ತೊಳೆದಾಗ ನೀರು ಕೆಂಪಾದದ್ದನ್ನು ಕಂಡ ಹೆಂಗಸು ‘ಅಯ್ಯೋ ಹೊಳೆ’ ಎಂದಳಂತೆ. ಆರ್ಯಪುರ ಪುಸ್ತಕದಲ್ಲಿದೆ, ಅಯ್ಯೋ ಹೊಳೆ ಗೈಡುಗಳ ಬಾಯಲ್ಲಿದೆ. ಬಳ್ಳಿಗಾವೆ ಬಲಿಪುರವಾಗಿ ಬಲಿ ಚಕ್ರವರ್ತಿಯ ರಾಜಧಾನಿಯೆನಿಸಿತು, ಪಾಂಡವರು ಬಂದು ಐದು ಲಿಂಗ ಸ್ಥಾಪಿಸಿದರು, ಪಂಚಲಿಂಗೇಶ್ವರ ಗುಡಿಯೂ ಎದ್ದಿತು.

ಇದನ್ನೆಲ್ಲ ಪುರೋಹಿತರ ಕುತಂತ್ರ ಎಂದು ಒಂದೇ ಮಾತಿನಲ್ಲಿ ತೀರಿಸಿಬಿಡುವವರಿದ್ದಾರೆ. ನನಗೆ ಅಷ್ಟು ಸರಳ ಅನ್ನಿಸುವುದಿಲ್ಲ. ಸಂಸ್ಕೃತ ಪದ್ಯ ಬರೆಯುವ ಶಾಸನಕವಿಗೆ ನಿಜವಾದ ಒಂದು ಕಷ್ಟವಿತ್ತು. ಕುವಳಾಲ, ಸೊಸೆವೂರು, ಆನೆಗೊಂದಿ ಎಂಬ ಹೆಸರುಗಳಿಗೆ ಅವನ ವ್ಯಾಕರಣದ ವಿಭಕ್ತಿ ಹತ್ತಬೇಕು, ವೃತ್ತದ ಗುರು ಲಘು ಕೂಡಬೇಕು. ಸೊಸೆವೂರು ಹಾಗಾಗಿ ಶಶಕಪುರವಾಯಿತು. ಇದು ಕಸುಬಿನ ಅನುಕೂಲ. ಅದಾದ ಮೇಲೆ ರಾಜನ ಆಸೆ ಬರುತ್ತದೆ. ಹೊಯ್ಸಳರು ಮಲೆನಾಡಿನ ಈ ಸೊಸೆವೂರಿನ, ಅಂದರೆ ಈಗಿನ ಅಂಗಡಿ ಎಂಬ ಊರಿನ, ಕಡೆಯಿಂದ ಇಳಿದುಬಂದವರು. ದೊಡ್ಡ ಅರಸರಾದ ಮೇಲೆ ವಂಶಾವಳಿ ಬೇಕಲ್ಲ. ಯದುವಂಶದವರು ನಾವು ಎಂದರು. ಯಾದವರಾದರೆ ರಾಜಧಾನಿ ದ್ವಾರಕೆಯಾಗಬೇಕು. ದೋರಸಮುದ್ರ ದ್ವಾರಸಮುದ್ರವಾಗಿ, ಅವರು ದ್ವಾರಾವತೀಪುರವರಾಧೀಶ್ವರರಾದರು. ಕೃಷ್ಣನ ಪಟ್ಟಣದ ಹೆಸರು ಹೀಗೆ ಹಾಸನ ಜಿಲ್ಲೆಯ ಒಂದು ಕೆರೆಯ ಏರಿಯ ಮೇಲೆ ಬಂದು ಕೂತಿತು. ಆ ಅರಸುಮನೆ ಅಳಿದ ಮೇಲೆ ಜನ ಊರನ್ನು ಹಳೇಬೀಡು ಎಂದು ಕರೆದರು. ದ್ವಾರಾವತಿ ಬಿರುದಿನ ಜೊತೆಗೇ ಹೋಯಿತು.

ಆನೆಗೊಂದಿ ಎರಡು ಮಹಾಕಾವ್ಯಗಳನ್ನೂ ಒಟ್ಟಿಗೆ ಹೊತ್ತ ಊರು. ಆನೆ ಮತ್ತು ಗೊಂದಿ, ಬಂಡೆಗಳ ನಡುವಿನ ಇಕ್ಕಟ್ಟು ದಾರಿ. ವಿಜಯನಗರದ ಕಾಲದ ಸಂಸ್ಕೃತದಲ್ಲಿ ಅದು ಕುಂಜರಕೋಣ, ಮಾತಿಗೆ ಮಾತು ಇಟ್ಟ ಹಾಗೆ. ಹಸ್ತಿನಾವತಿ ಎಂದೂ ಕರೆದರು. ಅಲ್ಲಿ ಆನೆಯ ಜೊತೆಗೆ ಕುರುವಂಶದ ಹಸ್ತಿನಾಪುರವೂ ಸದ್ದಿಲ್ಲದೆ ಒಳಗೆ ಬಂತು. ಅದೇ ಹೊತ್ತಿಗೆ ಇದು ವಾಲಿ ಸುಗ್ರೀವರ ಕಿಷ್ಕಿಂಧೆ, ಸುತ್ತ ಋಷ್ಯಮೂಕ, ಮಾತಂಗ, ಮಾಲ್ಯವಂತ, ಅಂಜನಾದ್ರಿ. ಎದುರು ದಡದ ಹಂಪೆಯ ದಾರಿ ಇದಕ್ಕೆ ತಿರುಗುಮುರುಗು. 7ನೇ ಶತಮಾನದ ಬಾದಾಮಿ ಚಾಲುಕ್ಯರ ತಾಮ್ರಪಟದಲ್ಲೇ ಅದು ಪಂಪಾತೀರ್ಥ. ಹಳಗನ್ನಡದ ಪಕಾರ ಮುಂದೆ ಹಕಾರವಾದಾಗ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಂಪೆಯೂ ಹಂಪೆಯಾದಳು. ಕನ್ನಡದ ನಾಲಗೆ ಅವಳನ್ನು ಪುರಾಣದವಳೆಂದು ಬೇರೆ ಮಾಡಿ ನೋಡಲಿಲ್ಲ, ಮನೆಯ ಮಾತಿಗೆ ಮಾಡಿದ್ದನ್ನೇ ಅವಳಿಗೂ ಮಾಡಿತು. ಸಂಸ್ಕೃತ ಮಾತ್ರ ಕನ್ನಡದ ಮೇಲೆ ಏರಿತು ಎಂದು ನಂಬಿದವರು ಹಂಪೆಯನ್ನು ನೆನೆದುಕೊಳ್ಳಬೇಕು.

ವಾತಾಪಿಯ ವಿಷಯದಲ್ಲಿ ಮೂಲವನ್ನೇ ತೆರೆದು ನೋಡುವುದು ಒಳ್ಳೆಯದು. ಅಗಸ್ತ್ಯರು ಜೀರ್ಣಿಸಿಕೊಂಡ ವಾತಾಪಿ ಬಾದಾಮಿಯವನೆಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಮಹಾಭಾರತದ ವನಪರ್ವ ಅವನ ಅಣ್ಣ ಇಲ್ವಲನನ್ನು ಮಣಿಮತಿ ಎಂಬ ಪಟ್ಟಣದಲ್ಲಿ ಇಟ್ಟಿದೆ. ಬಾದಾಮಿಗೆ ವಾತಾಪಿ ಎಂಬ ಹೆಸರು 543ರ ಒಂದನೆಯ ಪುಲಕೇಶಿಯ ಕಾಲಕ್ಕಾಗಲೇ ಇತ್ತು. ಹೆಸರೇ ರಾಕ್ಷಸನನ್ನು ಊರಿಗೆ ಕರೆತಂದಿರುವಂತಿದೆ.

ಕೊಂಡಜ್ಜಿಯ ಸುತ್ತಮುತ್ತ ಮಹಾಭಾರತಕ್ಕೇನೂ ಬರವಿಲ್ಲ. ಆಗ್ನೇಯಕ್ಕೆ ಚಿತ್ರದುರ್ಗದ ಬೆಟ್ಟದಲ್ಲಿ ಹಿಡಿಂಬೇಶ್ವರ ಗುಡಿ, ಅಲ್ಲಿ ಹಿಡಿಂಬನ ಹಲ್ಲು ಎಂದು ತೋರಿಸುವ ದೊಡ್ಡ ಎಲುಬು, ಭೀಮನ ಭೇರಿ ಎಂದು ತೋರಿಸುವ ಕಬ್ಬಿಣದ ತಗಡಿನ ಉರುಳೆ. ಉರುಳೆಯ ಎತ್ತರ 6 ಅಡಿ, ಸುತ್ತಳತೆ 10 ಅಡಿ ಎಂದು ಬ್ರಿಟಿಷರ ಕಾಲದ ಗೆಜೆಟಿಯರು ಅಳೆದು ಬರೆದಿಟ್ಟಿದೆ. ಅಷ್ಟು ದೊಡ್ಡ ಭೇರಿ ಬಾರಿಸಿದವನು ಭೀಮನಲ್ಲದೆ ಇನ್ನಾರು? ಊರಿನ ಹಳೆಯ ಹೆಸರು ಮಾತ್ರ ಬೆಮ್ಮತ್ತನಕಲ್ಲು. ಚಿತ್ರಕಲ್ಲಿನ ದುರ್ಗವೆಂದು ಚಿತ್ರದುರ್ಗ ಆಮೇಲೆ. ಹಿಡಿಂಬನಿಗೆ ಗುಡಿ ಸಿಕ್ಕಿತು, ಊರು ಸಿಗಲಿಲ್ಲ. ಪಶ್ಚಿಮಕ್ಕೆ ಹಾನಗಲ್ಲು, ಅಜ್ಞಾತವಾಸದ ವಿರಾಟನಗರ. ಮತ್ಸ್ಯದೇಶದ ವಿರಾಟನಗರ ರಾಜಸ್ಥಾನದ ಬೈರಾಟ್ ಎಂದು ಇತಿಹಾಸಕಾರರು ಹೇಳುತ್ತಾರೆ. ಹಾನಗಲ್ಲಿನವರ ಹಕ್ಕೊತ್ತಾಯ ನಿನ್ನೆ ಮೊನ್ನೆಯದಲ್ಲ: ಹಾನಗಲ್ಲಿನ ಕದಂಬರ ಕಾಲದ ಶಾಸನಗಳೇ ಪಾನುಂಗಲ್ಲು ಎಂಬ ಹೆಸರಿನ ಪಕ್ಕದಲ್ಲಿ ವಿರಾಟನಕೋಟೆ ಎಂದು ಬರೆಯುತ್ತವೆ. ಎಂಟು ಒಂಬತ್ತು ನೂರು ವರ್ಷ ನಂಬಿದ ಮಾತು ಸುಳ್ಳೇ ಇದ್ದರೂ ಅದಕ್ಕೊಂದು ಇತಿಹಾಸ ಇರುತ್ತದೆ. ಪಾಂಡವರು ಹಾನಗಲ್ಲಿಗೆ ಬಂದರೇ ಎಂದು ಕೇಳುವುದಕ್ಕಿಂತ, ಹಾನಗಲ್ಲಿನವರು ಯಾವಾಗ, ಯಾಕೆ ಅವರನ್ನು ಕರೆದರು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಇನ್ನು ಹರಿದ್ರೆ. ಸಂಸ್ಕೃತದಲ್ಲಿ ಅರಿಸಿನ ಎಂಬರ್ಥದ ಈ ಹೆಸರಿನ ನದಿ ಬರುವುದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಕಟ್ಟಿ ನಿಲ್ಲಿಸಿದ ದೊಡ್ಡ ಕೆರೆ ಅದು; ಸಿದ್ಧನ ತೂಬು, ಬಸವನ ತೂಬು ಎಂದು ತೂಬುಗಳಿಗೂ ಹೆಸರಿದೆ. ಕೆರೆಯಿಂದ ಹೊರಟ ನೀರನ್ನು ರೈತರು ಸೂಳೆಕೆರೆ ಹಳ್ಳ ಅನ್ನುತ್ತಾರೆ. ಅದೇ ನೀರು ಹರಿಹರದ ಗುಡಿಯ ಹತ್ತಿರ ಬರುವ ಹೊತ್ತಿಗೆ ಹರಿದ್ರಾ ನದಿ. 1410ರ ಹರಿಹರದ ಶಾಸನ ಈ ನೀರಿಗೆ ಅಣೆಕಟ್ಟು ಹಾಕಿಸಿದ ಸಂಗತಿ ಹೇಳುವಾಗ ಹರಿದ್ರಾ ಎಂಬ ಹೆಸರನ್ನೇ ಬಳಸುತ್ತದೆ. ಒಂದೇ ಹರಿವಿಗೆ ಹೊಲದಲ್ಲಿ ಒಂದು ಹೆಸರು, ಗುಡಿಯಲ್ಲಿ ಇನ್ನೊಂದು.

ಈ ಹರಿವಿನ ಮೇಲ್ತುದಿಯಲ್ಲೂ ಹೆಸರಿನ ಚೌಕಾಸಿಯ ಕಥೆ ಇದೆ. ಸ್ವರ್ಗಾವತಿ ಎಂಬ ಪಟ್ಟಣದ ಅರಸುಕುವರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಳು. ನೀರು ನಿಲ್ಲಬೇಕಾದ ನೆಲ ಸೂಳೆಯರದಾಗಿತ್ತು. ಕೊಡುತ್ತೇವೆ, ಕೆರೆಗೆ ನಮ್ಮ ಹೆಸರಿರಬೇಕು ಎಂದರು. ಅವಳು ಒಪ್ಪಿದಳು. ಗುಹಾಸುರ ಕೇಳಿದ್ದೂ ಇದನ್ನೇ: ನೆಲ ಹೋದರೆ ಹೋಗಲಿ, ಹೆಸರು ಉಳಿಯಲಿ. ಕೆಳತುದಿಯಲ್ಲಿ ರಾಕ್ಷಸ, ಮೇಲ್ತುದಿಯಲ್ಲಿ ಸೂಳೆಯರು. ಸಮಾಜ ತನ್ನೊಳಗೆ ಸೇರಿಸಿಕೊಳ್ಳದ ಇಬ್ಬರೂ ನೆಲಕ್ಕೆ ಬದಲು ಹೆಸರನ್ನೇ ಬೇಡಿದ್ದಾರೆ. ಈ ಎರಡು ಕಥೆಗಳನ್ನು ಯಾರೂ ಜೊತೆಗಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಹೊಳೆಯೇ ಅವನ್ನು ಜೊತೆಗಿಟ್ಟಿದೆ.

ಸೂಳೆಯರಿಗೆ ಕೊಟ್ಟ ಮಾತನ್ನೂ ಈಗ ಮುರಿಯುತ್ತಿದ್ದೇವೆ. ಸರ್ಕಾರಿ ಕಡತದಲ್ಲಿ, ಪ್ರವಾಸೋದ್ಯಮದ ಕರಪತ್ರದಲ್ಲಿ ಅದು ಶಾಂತಿಸಾಗರ. ಶಾಂತವ್ವನ ಹೆಸರಾದರೂ ಇಟ್ಟಿದ್ದರೆ ಶಾಂತವ್ವನ ಕೆರೆ ಆಗುತ್ತಿತ್ತು. ಅವ್ವ ಹೋಗಿ, ಕೆರೆ ಹೋಗಿ, ಶಾಂತಿಯೂ ಸಾಗರವೂ ಬಂದವು. ಮರ್ಯಾದೆಯ ಸಂಕೋಚದಿಂದ ಸಂಸ್ಕೃತಕ್ಕೆ ಹೋಗುವ ಈ ದಾರಿ ನಮ್ಮ ಕಾಲದ್ದು. ಪೊಳಲ್ವನ ಕಾಲದ ಪಂಡಿತ ಕನಿಷ್ಠ ಒಂದು ಕಥೆ ಕಟ್ಟುವ ಶ್ರಮ ಪಡುತ್ತಿದ್ದ. ಈಗ ಒಂದು ಬೋರ್ಡು ಸಾಕು. ಬಸ್ಸಿನಲ್ಲಿ ಟಿಕೆಟ್ ಕೇಳುವವರ ಬಾಯಲ್ಲಿ ಇನ್ನೂ ಸೂಳೆಕೆರೆಯೇ ಇದೆಯೆನ್ನುವುದು ಸಮಾಧಾನ.

ಪ್ರತಿ ಸಲವೂ ಹೀಗಾಗುವುದಿಲ್ಲ. 2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಹೆಸರು ತಿದ್ದಿತು. ಬೆಳಗಾವಿ ಬೆಳಗಾವಿಯಾಗಿಯೇ ಬಂತು, ವೇಣುಗ್ರಾಮವಾಗಲಿಲ್ಲ. ಹುಬ್ಬಳ್ಳಿ, ಬಳ್ಳಾರಿ, ತುಮಕೂರು ಜನರ ನಾಲಗೆಯ ರೂಪದಲ್ಲೇ ಕಡತಕ್ಕೆ ಏರಿದವು. ಬಿಜಾಪುರ ಮಾತ್ರ ವಿಜಯಪುರವಾಯಿತು. ಶಿವಮೊಗ್ಗ ಶಿವಮುಖವೋ ಸಿಹಿಮೊಗೆಯೋ ಎಂಬ ಹಳೆಯ ಜಗಳಕ್ಕೆ ಸರ್ಕಾರ ಕೈ ಹಾಕಲಿಲ್ಲ, ಒಳ್ಳೆಯದೇ ಆಯಿತು. ಎರಡೂ ಕಥೆ ಉಳಿದವು.

ಕೊಂಡಜ್ಜಿಗೆ ಇಂಥ ಕಂಟಕ ಬಂದಿಲ್ಲ. ಬರಬಹುದಿತ್ತು. ತಮಿಳುನಾಡಿನಲ್ಲಿ ಮುದುಕುನ್ರಂ ಎಂಬ ಊರಿದೆ, ಹಳೆಯ ಬೆಟ್ಟ ಎಂದರ್ಥ. ಅದನ್ನು ಸಂಸ್ಕೃತ ಮಾಡಿದವರು ವೃದ್ಧಾಚಲ ಎಂದರು. ಬೆಟ್ಟ ವೃದ್ಧವಾದ ಮೇಲೆ ಅಲ್ಲಿನ ಅಮ್ಮನವರು ವೃದ್ಧಾಂಬಿಕೆಯಾದರು, ಅಂದರೆ ಅಜ್ಜಿ. ನಮ್ಮಲ್ಲಿ ಗುಡ್ಡವೂ ಅಜ್ಜಿಯೂ ಹೆಸರಿನಲ್ಲಿ ಸಿದ್ಧವಾಗಿಯೇ ಇದ್ದರು. ಒಬ್ಬ ಚುರುಕು ಪಂಡಿತ ಈ ಕಡೆ ಹಾದುಹೋಗಿದ್ದರೆ ಇಷ್ಟು ಹೊತ್ತಿಗೆ ಕೊಂಡಜ್ಜಿ ಒಂದು ವೃದ್ಧಾಚಲ ಕ್ಷೇತ್ರವಾಗಿ, ಗುಹಾಸುರನ ಅಜ್ಜಿ ಇಲ್ಲಿ ತಪಸ್ಸು ಮಾಡಿದ ಕಥೆ ಕರಪತ್ರದಲ್ಲಿ ಅಚ್ಚಾಗುತ್ತಿತ್ತು. ಇದು ತಮಾಷೆಗೆ ಹೇಳಿದ್ದು. ದಯವಿಟ್ಟು ಯಾರೂ ಬೋರ್ಡು ಬರೆಸಬೇಡಿ.

ಸಂಶೋಧಕ ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ ಎಂದು ಒಂದು ಪುಸ್ತಕಕ್ಕೆ ಹೆಸರಿಟ್ಟರು. ದೊಡ್ಡ ಊರುಗಳ ಹೆಸರು ಶಾಸನದಲ್ಲಿ ಸಿಗುತ್ತವೆ. ಹಳ್ಳ, ದಿಬ್ಬ, ಹೊಲ, ಕಟ್ಟೆಗಳದು ದಾನದ ಎಲ್ಲೆಯಲ್ಲಿ ಬಂದಷ್ಟು ಬಿಟ್ಟರೆ ಸಿಗುವುದಿಲ್ಲ. ಪಹಣಿಯಲ್ಲಿ ಸರ್ವೆ ನಂಬರು ಮಾತ್ರ ಇರುತ್ತದೆ. ಹೊಲದ ಹೆಸರು ಮನೆಯ ಹಿರಿಯರ ಬಾಯಲ್ಲಿದೆ, ಲೇಔಟ್ ಆದ ಕಡೆ ಅದೂ ಹೋಗಿದೆ. ಕೊಂಡಜ್ಜಿಯ ಶಿಬಿರಕ್ಕೆ ನಾಡಿನ ಬೇರೆ ಬೇರೆ ಕಡೆಯ ಮಕ್ಕಳು ಬರುತ್ತಾರೆ. ಗಂಟು ಹಾಕುವುದು, ಡೇರೆ ಹೊಡೆಯುವುದು ಕಲಿಯುವ ಜೊತೆಗೆ, ತಮ್ಮ ತಮ್ಮ ಊರಿನ ಕೆರೆ, ತೂಬು, ಗುಡ್ಡ, ಹೊಲಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆದು ತರಲು ಶಿಕ್ಷಕರು ಅವರಿಗೆ ಹೇಳಬಹುದು. ಓದುಗರು ಕೂಡ ಈ ಭಾನುವಾರ ಮನೆಯಲ್ಲೇ ಇದನ್ನು ಶುರುಮಾಡಬಹುದು. ಒಂದು ಜಾಗಕ್ಕೆ ಎರಡು ಹೆಸರು ಸಿಕ್ಕರೆ ಎರಡನ್ನೂ ಬರೆದುಕೊಳ್ಳಿ, ಯಾವುದನ್ನು ಯಾರು ಹೇಳಿದರು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.